ತುರ್ತು ಮೊಟ್ಟೆ ಕ್ಷೇತ್ರ, ಠಾಣಾ ಕುಶನೂರ

ವಿಪತ್ತು ಬಂದಾಗ ನಾಗರಿಕರು ಕಾಡುಹಕ್ಕಿಗಳ ಮೊಟ್ಟೆ ಹುಡುಕಿ ತಿಂದು ಬದುಕತಕ್ಕದ್ದು ಎಂದು ಬೀದರಿನ ಬದುಕುಳಿವಿಕೆ ತರಬೇತಿ ಕೋಶ ತೀರ್ಮಾನಿಸಿದೆ. ಎಂಥ ವಿಪತ್ತು ಎಂಬುದನ್ನು ಕೋಶ ಹೇಳಿಲ್ಲ. ಅದು ಬೇರೆ ವಿಭಾಗದ ಕೆಲಸ.

ತರಬೇತಿಗೆ ಒಂದು ಗೂಡು ಬೇಕಾಗಿತ್ತು. ಕೋಶದ ಸಂಚಾಲಕ ರಾಜರತ್ನ ಜೀಪಿನಲ್ಲಿ ಔರಾದ ತಾಲ್ಲೂಕು ಸುತ್ತಿ, ಠಾಣಾ ಕುಶನೂರಿನ ಕೇಶರಬಾಯಿಯವರ ಹೊಲದಲ್ಲಿ ಅದನ್ನು ಕಂಡರು. ಸೋಯಾ ಬಿತ್ತನೆ ನಡೆದಿತ್ತು. ನಡುವೆ ಟಿಟ್ಟಿಭ ಹಕ್ಕಿಯೊಂದು ಬರಿ ನೆಲದ ಮೇಲೆ ನಾಲ್ಕು ಮೊಟ್ಟೆ ಇಟ್ಟಿತ್ತು. ಅಲ್ಲಿನ ರೂಢಿಯಂತೆ ಕೇಶರಬಾಯಿ ಸುತ್ತಲೂ ಕಲ್ಲಿಟ್ಟು, ಕಂಬಳಿಯಗಲ ಜಾಗವನ್ನು ಬಿತ್ತದೆ ಬಿಟ್ಟಿದ್ದರು.

"ಬಿತ್ತಿದ ಕಡಿ ಮೊಟ್ಟಿ ಇಲ್ಲ. ಬಿತ್ತದ ಕಡಿ ಅವ. ಗಮನಿಸೀರೇನ್ರಿ?" ಎಂದರು ರಾಜರತ್ನ.

"ಅದು ಇಟ್ಟದ ಅಂತ ನಾ ಬಿಟ್ಟೀನ್ರಿ ಸಾಹೇಬ್ರ. ನಾ ಬಿಟ್ಟೀನಂತ ಅದು ಇಟ್ಟಿಲ್ರಿ."

"ಅದು ನಿಮ್ಮ ಅನುಭವ ಅಕ್ಕಾರ. ನಮಗ ಆಧಾರ ಬೇಕಾಗ್ತದ."

ಆಧಾರ ಮರುದಿನವೇ ಸಿದ್ಧವಾಯಿತು. ಕಂಬಳಿಯಗಲ ನೆಲ ನಾಲ್ಕು ಮೊಟ್ಟೆ ಕೊಟ್ಟರೆ, ಇಡೀ ಹೊಲ ಬೀಳು ಬಿಟ್ಟಾಗ ಔರಾದಿನ ಸಂತ್ರಸ್ತರೆಲ್ಲರಿಗೂ ಸಾಕಾಗಿ ಭಾಲ್ಕಿಗೆ ಕಳಿಸುವಷ್ಟು ಉಳಿಯುತ್ತದೆ. ಹೊಲವನ್ನು ತುರ್ತು ಮೊಟ್ಟೆ ಕ್ಷೇತ್ರವೆಂದು ಘೋಷಿಸಲಾಯಿತು. ಆಗಲೇ ಬಿತ್ತಿದ್ದ ಭಾಗವನ್ನು ಅತಿಕ್ರಮಣವೆಂದು ಪರಿಗಣಿಸಿ, ಕುಂಟೆ ಹೊಡೆದು ಹರಗಲಾಯಿತು. ನಂತರ ಬದುವಿನ ಮೇಲೆ ಫಲಕ ಬಂತು: "ಇಲ್ಲಿ ಬಿತ್ತುವುದು, ಹರಗುವುದು ಹಾಗೂ ಹಕ್ಕಿಗಳಿಗೆ ಮುಜುಗರವಾಗುವಂತೆ ಓಡಾಡುವುದನ್ನು ನಿಷೇಧಿಸಿದೆ."

"ಹೊಲದ ಹಸಿ ಆರ್ಲಕತ್ತದರಿ," ಎಂದರು ಕೇಶರಬಾಯಿ. "ಈ ವಾರ ಬಿತ್ತಲಿಲ್ಲಂದ್ರ ವರ್ಷಪೂರ್ತಿ ಏನ್ ತಿನ್ನಬೇಕ್ರಿ?"

"ಅದೇ ಪ್ರಶ್ನಿಗಿ ಕೋಶ ಉತ್ತರ ಹುಡುಕ್ಲಕತ್ತದರಿ."

ತರಬೇತಿಯ ಬೆಳಿಗ್ಗೆ ಯಾರೋ ಒಬ್ಬರು, ಕಾಡುಹಕ್ಕಿಯ ಮೊಟ್ಟೆ ಎತ್ತುವುದು ಕಾನೂನಿನ ಪ್ರಕಾರ ಅಪರಾಧ ಎಂದು ನೆನಪಿಸಿದರು. ನಿಯಮ ಕೂಡಲೇ ತಿದ್ದುಪಡಿಯಾಯಿತು. ಸಂತ್ರಸ್ತರು ಮೊಟ್ಟೆಯನ್ನು ಕಣ್ಣಿನಿಂದ ಮಾತ್ರ ಸಂಗ್ರಹಿಸತಕ್ಕದ್ದು. ಬಾಯಿಗೆ ಬೇಕಾದುದನ್ನು ಭಾಲ್ಕಿಯ ಕೋಳಿಮೊಟ್ಟೆ ವ್ಯಾಪಾರಿ ಕಲೀಮ ಪೂರೈಸತಕ್ಕದ್ದು. ಕಲೀಮ ಕುದಿಸಿ, ಸುಲಿದು, ಉಪ್ಪು-ಖಾರ ಹಚ್ಚಿ ತಂದಿದ್ದರು.

"ವಿಪತ್ತು ಬಂದಾಗ ನಾ ಎಲ್ಲಿರಬೇಕ್ರಿ ಸಾಬ್?"

"ವಿಪತ್ತಿನ ಹೊರಗ ಇರಬೇಕು," ಎಂದರು ರಾಜರತ್ನ.

"ಮತ್ತ ಅದು ಭಾಲ್ಕಿಗೇ ಬಂದ್ರ?"

"ಪೂರ್ವಾನುಮತಿ ಇಲ್ದ ಬರಂಗಿಲ್ಲ."

ಟಿಟ್ಟಿಭ ಯಾರ ಅನುಮತಿಯನ್ನೂ ಕೇಳಲಿಲ್ಲ. ಮರಿ ಮಾಡಿಕೊಂಡು ಪಕ್ಕದ ಹೊಲಕ್ಕೆ ಹೋಯಿತು. ಅಲ್ಲಿ ಸೋಯಾ ಸಾಲುಗಳಲ್ಲಿ ಹುಳ ಸಿಗುತ್ತಿದ್ದವು. ಕೇಶರಬಾಯಿಯವರ ಹೊಲದಲ್ಲಿ ಕಸ ಬೆಳೆಯಿತು. ಫಲಕ ಕಾಣದಂತಾದಾಗ ಅದರ ಕಾಲು ಎತ್ತರಿಸಲಾಯಿತು.

ಊರವರೆಲ್ಲ ಸೋಯಾ ಕೊಯ್ದು ರಾಶಿ ಮಾಡುವ ಹೊತ್ತಿಗೆ ಕೋಶ ಪರಿಶೀಲನೆಗೆ ಬಂತು. ಹೊಲದಲ್ಲಿ ಬೆಳೆ ಇರಲಿಲ್ಲ, ಮೊಟ್ಟೆ ಇರಲಿಲ್ಲ. ಮನೆಯಲ್ಲಿ ಕಾಳು ಇರಲಿಲ್ಲ. ವರದಿಯಲ್ಲಿ ಸಂತೋಷ ವ್ಯಕ್ತವಾಗಿದೆ: "ತರಬೇತಿಗೆ ಇದುವರೆಗೆ ಕೊರತೆಯಾಗಿದ್ದ ವಿಪತ್ತು ಈಗ ಸ್ಥಳೀಯವಾಗಿಯೇ ದೊರೆತಿದೆ."

ಕೇಶರಬಾಯಿ ಜಿಲ್ಲೆಯ ಮೊದಲ ಅಧಿಕೃತ ಸಂತ್ರಸ್ತೆಯಾದರು. ಈಗ ಅವರಿಗೆ ದಿನಾ ಕಲೀಮರ ಮೊಟ್ಟೆ ಬರುತ್ತದೆ. ಪ್ರತಿಯಾಗಿ ಅವರು ತರಬೇತಿ ಶಿಬಿರಗಳಲ್ಲಿ ಸಂತ್ರಸ್ತೆಯ ಮಾದರಿಯಾಗಿ ಎದ್ದು ನಿಲ್ಲಬೇಕು.

ಚಿಂತಾಕಿಯ ಶಿಬಿರದಲ್ಲಿ ರೈತ ಮಹಿಳೆಯೊಬ್ಬರು ಅವರನ್ನು ಕೇಳಿದರು: "ಹೊಲದಾಗ ಮೊಟ್ಟಿ ಕಂಡ್ರ ಮೊದಲ ಏನ್ ಮಾಡಬೇಕ್ರಿ ಅಕ್ಕಾರ?"

"ಸುತ್ತ ಕಲ್ಲ ಇಡಬ್ಯಾಡ್ರಿ," ಎಂದರು ಕೇಶರಬಾಯಿ. "ಜೀಪಿನಾಗಿಂದ ಕಾಣ್ತಾವ."

ಇದು ಸುಧಾರಿತ ವಿಧಾನವೆಂದು ರಾಜರತ್ನ ಘೋಷಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಿಂತಾಕಿಯವರು ತಮ್ಮ ಊರಿಗೆ ಫಲಕ ಯಾವಾಗ ಎಂದು ವಿಚಾರಿಸಿದರು. ಕೇಶರಬಾಯಿ ತಮ್ಮ ಮೊಟ್ಟೆ ಕಚ್ಚಿ, ಉಪ್ಪು ಕಡಿಮೆಯಾಗಿದೆ ಎಂದರು.

ಕೋಶ ಅದನ್ನು ಪರಿಶೀಲಿಸುತ್ತಿದೆ.