ಹತ್ತೊಂಬತ್ತನೇ ನಿಮಿಷ

“ಹಳೇದಾಯ್ತು, ಬಿಸಾಕಿ ಹೊಸದು ತಗೊಳ್ಳಿ” ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಲಿಫ್ಟಣ್ಣನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತಿತ್ತು. ಇಪ್ಪತ್ತೆಂಟು ವರ್ಷದಿಂದ ಒಂದೇ ಕಟ್ಟಡದ ನಾಲ್ಕು ಲಿಫ್ಟುಗಳನ್ನು ಸಾಕಿಕೊಂಡು ಬಂದ ಮೆಕ್ಯಾನಿಕ್ ಅವನು. (ಸಾಕಿಕೊಂಡು ಎಂಬುದು ಅವನದೇ ಮಾತು. ನಾಲ್ಕಕ್ಕೂ ಬೇರೆ ಬೇರೆ ಸ್ವಭಾವ, ಬೇರೆ ಬೇರೆ ಮುನಿಸು, ಮೂರನೆಯದಕ್ಕೆ ಮೋಡ ಕವಿದರೆ ಮೈ ಸರಿಯಿರುವುದಿಲ್ಲ ಎಂದೆಲ್ಲ ಊಟಕ್ಕೆ ಕೂತಾಗ ವಿವರಿಸುತ್ತಿದ್ದ.) “ಯಂತ್ರಕ್ಕೆ ವಯಸ್ಸಾಗಲ್ಲ ಕಣೇ. ನೋಡ್ಕೊಳ್ಳೋರಿಗೆ ಸೋಮಾರಿತನ ಬರುತ್ತೆ, ಅಷ್ಟೆ” ಎಂಬುದು ಅವನ ಜೀವನಸಿದ್ಧಾಂತ. ಮನೆಯ ಲ್ಯಾಪ್‌ಟಾಪು ಆ ಸಿದ್ಧಾಂತದ ಬಲದ ಮೇಲೆಯೇ ಉಸಿರಾಡುತ್ತಿತ್ತು.

ಅದಕ್ಕೆ ಹನ್ನೊಂದು ವರ್ಷ. ಗುಂಡಿ ಒತ್ತಿ ಸ್ನಾನಕ್ಕೆ ಹೋದರೆ, ತಲೆ ಒರೆಸಿಕೊಂಡು ಬರುವ ಹೊತ್ತಿಗೆ ಕಣ್ಣು ಬಿಡುತ್ತಿತ್ತು. ಮುಚ್ಚಳದ ಕೀಲು ಸಡಿಲವಾಗಿ, ಹಿಂದೆ ಎರಡು ನಿಘಂಟುಗಳನ್ನು ಒತ್ತುಕೊಟ್ಟರೆ ಮಾತ್ರ ಪರದೆ ನೆಟ್ಟಗೆ ನಿಲ್ಲುತ್ತಿತ್ತು. ಅದರ ಫ್ಯಾನು ಕೂಗುವುದನ್ನು ಕೇಳಿ, ‘ಇವರ ಮನೆಯಲ್ಲಿ ಮೂರು ಹೊತ್ತೂ ಏನೋ ರುಬ್ಬುತ್ತಾರಪ್ಪ’ ಎಂದು ಪಕ್ಕದ ಮನೆಯಾಕೆ ಹೊಟ್ಟೆಕಿಚ್ಚುಪಟ್ಟದ್ದೂ ಉಂಟು.

ಹೀಗೇ ದಿನ ದೂಡಬಹುದಿತ್ತು. ಆದರೆ ಹೆಂಡತಿ ನಾಟಕದಲ್ಲಿ ಪಾರ್ಟು ಮಾಡಿಬಿಟ್ಟಳು.

ಆಕೆ ಬಡಾವಣೆಯ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ, ತೆಗೆದುಕೊಳ್ಳುವ ಕೆಲಸದವಳು. “ಶ್!” ಎಂದು ಒಮ್ಮೆ ಅಂದರೆ ಓದುಗರಿರಲಿ, ಗೋಡೆ ಗಡಿಯಾರವೂ ಒಂದು ಕ್ಷಣ ಯೋಚಿಸುತ್ತಿತ್ತು. ಗ್ರಂಥಾಲಯದ ವಾರ್ಷಿಕೋತ್ಸವಕ್ಕೆ ಸಿಬ್ಬಂದಿಯೆಲ್ಲ ಸೇರಿ ನಾಟಕ ಆಡಿದಾಗ ಆಕೆಗೆ ಸಿಕ್ಕಿದ್ದು ನ್ಯಾಯಾಧೀಶೆಯ ಪಾತ್ರ. ನಲವತ್ತೇಳನೇ ವಯಸ್ಸಿನಲ್ಲಿ ಮೊದಲ ಸಲ ಬಣ್ಣ ಹಚ್ಚಿದ್ದಳು. ಮುಗಿದ ಮೇಲೆ ಕರಿಕೋಟಿನಲ್ಲೇ ಓಡಿಬಂದು, “ರೀ, ಹೇಗಿತ್ತು?” ಎಂದು ಕೇಳಿದರೆ ಗಂಡನ ಕಣ್ಣುಗಳು ಕೆಂಪಗೆ ಕೆಂಡವಾಗಿದ್ದವು, ರೆಪ್ಪೆ ಒದ್ದೆಯಾಗಿತ್ತು, ಮಾತು ತೊದಲುತ್ತಿತ್ತು.

“ಅತ್ತುಬಿಟ್ರಾ?” ಎಂದಳು ಆಕೆ, ಬೆರಗಾಗಿ.

“ಕೊನೇ ದೃಶ್ಯ… ತಡೆಯೋಕ್ಕಾಗ್ಲಿಲ್ಲ” ಎಂದ ಲಿಫ್ಟಣ್ಣ.

(ನಮ್ಮ ನಿಮ್ಮ ನಡುವೆಯೇ ಇರಲಿ. ಹಿಂದಿನ ದಿನವೆಲ್ಲ ಎರಡನೇ ಲಿಫ್ಟಿನ ಹಗ್ಗ ಬದಲಿಸಿ ಸೊಂಟ ಬಿದ್ದುಹೋಗಿತ್ತು. ಸಭಾಂಗಣದಲ್ಲಿ ದೀಪ ಆರಿದ್ದೊಂದೇ ಅವನಿಗೆ ನೆನಪು. ಆಮೇಲೆ ನಾಟಕ ಮುಗಿದ ಚಪ್ಪಾಳೆಗೇ ಎಚ್ಚರವಾಯಿತು. ತಡೆಯಲಾಗದೆ ಇದ್ದದ್ದು ನಿದ್ದೆ.)

ಆದರೆ ಆ ಕೆಂಪು ಕಣ್ಣು ಹೆಂಡತಿಯ ಪಾಲಿಗೆ ಪದಕವಾಯಿತು. “ನಮ್ಮವರು ಕಲ್ಲು ಕಣ್ರೀ, ಕಲ್ಲು. ಆ ಕಲ್ಲೇ ಅತ್ತುಬಿಡ್ತು” ಎಂದು ಪುಸ್ತಕ ತೆಗೆದುಕೊಳ್ಳಲು ಬಂದವರಿಗೆಲ್ಲ ಒಂದು ಪುಸ್ತಕದ ಜೊತೆ ಈ ಕಥೆಯನ್ನೂ ಉಚಿತವಾಗಿ ಕೊಟ್ಟು ಕಳಿಸುತ್ತಿದ್ದಳು.

ಎರಡು ತಿಂಗಳಾದ ಮೇಲೆ ಫೋಟೋಗ್ರಾಫರ್ ನಾಟಕದ ವೀಡಿಯೊವನ್ನು ಪೆನ್ ಡ್ರೈವಿನಲ್ಲಿ ಹಾಕಿ ಕೊಟ್ಟ. ಮನೆಯ ಟಿವಿಗೆ ಪೆನ್ ಡ್ರೈವ್ ಚುಚ್ಚುವ ಕಿಂಡಿಯೇ ಇಲ್ಲ. ಇದ್ದದ್ದು ಲ್ಯಾಪ್‌ಟಾಪು ಒಂದೇ. ಹೆಂಡತಿ ನಿಘಂಟು ಒತ್ತುಕೊಟ್ಟು ಕೂತಳು. ಕಳ್ಳ ಬಂದ, ಪೊಲೀಸ್ ಬಂದ. ಪೊಲೀಸಿನವನು ಮೊದಲು ಮಾತಾಡಿ ಆಮೇಲೆ ಬಾಯಿ ತೆರೆಯುತ್ತಿದ್ದ. ಅದನ್ನೂ ಸಹಿಸಿಕೊಂಡಳು. ಇನ್ನೇನು ಇಪ್ಪತ್ತನೇ ನಿಮಿಷಕ್ಕೆ ನ್ಯಾಯಾಧೀಶೆ ಬರಬೇಕು, ಹತ್ತೊಂಬತ್ತನೇ ನಿಮಿಷಕ್ಕೆ ಸರಿಯಾಗಿ ಚಿತ್ರ ಗಕ್ಕನೆ ನಿಂತಿತು. ಮತ್ತೆ ಹಾಕಿದಳು, ಮತ್ತೆ ಅಲ್ಲೇ ನಿಂತಿತು. ಮುಂದಕ್ಕೆ ಎಳೆದು ನೋಡಿದರೆ ಪರದೆಯೇ ಕಪ್ಪಾಯಿತು. ಬಣ್ಣ ಹಚ್ಚಿದ ಮುಖವನ್ನು ಒಮ್ಮೆ ನೋಡಿಕೊಳ್ಳಬೇಕು ಎಂಬ ಆಸೆ ಆಕೆಯದು, ಮತ್ತೇನಲ್ಲ. ಮೂರನೇ ಸಲಕ್ಕೆ ಆಕೆ ನಿಘಂಟುಗಳನ್ನು ಎಳೆದು ಮುಚ್ಚಳ ಮುಚ್ಚಿಬಿಟ್ಟಳು.

“ನನ್ನ ಕಂಡ್ರೆ ಇದಕ್ಕೆ ಆಗಲ್ಲ. ಸಾಕು ರೀ. ಹೊಸದು ತರೋಣ.”

“ಲಿಫ್ಟು ಎಂಟನೇ ಮಹಡಿಗೆ ಹತ್ತಲ್ಲ ಅಂದ್ರೆ ಕಟ್ಟಡ ಕೆಡವ್ತಾರೇನೇ? ಓವರ್‌ಲೋಡು! ಎಲ್ಲ ಯಂತ್ರಕ್ಕೂ ಇರೋದು ಅದೊಂದೇ ಕಾಯಿಲೆ. ಭಾರ ಇಳಿಸಿದ್ರೆ ಓಡುತ್ತೆ.”

“ಭಾನುವಾರ ನಾಲ್ಕು ಗಂಟೆಗೆ ಅಮ್ಮ ಬರ್ತಾರೆ, ತಮ್ಮನೂ ಬರ್ತಾನೆ, ನಾಟಕ ನೋಡೋಕೆ. ಒಂದೇ ಒಂದು ಸಲ ನಿಂತ್ರೂ ಸೋಮವಾರ ಹೊಸದು. ಒಪ್ಪಿಗೇನಾ?”

“ನಿಲ್ಲದೆ ಓಡಿದ್ರೆ?”

“ಓಡಿದ್ರೆ ಅದು ತಾನಾಗಿ ಸಾಯೋವರೆಗೂ ಹೊಸದರ ಮಾತೆತ್ತಲ್ಲ.”

ಪಣ ಗಟ್ಟಿಯಾಯಿತು. ಲಿಫ್ಟಣ್ಣ ತೋಳು ಮಡಿಸಿದ.

ಮೊದಲನೆಯದಾಗಿ ಭಾರ ಇಳಿಸುವ ಮಹಾಕಾರ್ಯ. ಒಳಗೆ ಹೊಕ್ಕು ನೋಡಿದರೆ ಯಾರೂ ಆಡದ ಹದಿನಾಲ್ಕು ಆಟಗಳು, ಕಿಟಕಿ ತೆರೆದರೆ ಗೊತ್ತಾಗುವ ಹವಾಮಾನವನ್ನು ಹೇಳುವ ಒಬ್ಬ ಜೋಯಿಸ, ವೈರಸ್ಸು ಕಾಯಲು ಮೂವರು ಕಾವಲುಗಾರರು. ಮೂವರೂ ಕಳ್ಳನನ್ನು ಬಿಟ್ಟು ಒಬ್ಬರನ್ನೊಬ್ಬರು ಅನುಮಾನಿಸುತ್ತ ಕೂತಿದ್ದರು. ಒಬ್ಬನನ್ನು ಉಳಿಸಿ ಮಿಕ್ಕವರಿಗೆಲ್ಲ ಗೇಟು ತೋರಿಸಿದ. ಲಿಫ್ಟಿನೊಳಗೆ ಅಂಟಿಸುವ ಹಾಗೆಯೇ ಮುಚ್ಚಳದ ಮೇಲೆ ಚೀಟಿಯನ್ನೂ ಅಂಟಿಸಿದ: ‘ಒಮ್ಮೆಗೆ ಒಂದೇ ಕೆಲಸ. ಮೀರಿದರೆ ಯಂತ್ರ ನಿಲ್ಲುತ್ತದೆ.’

ಪಾತ್ರೆ ತೊಳೆಯುತ್ತ, ಫೋನಿನಲ್ಲಿ ಮಾತಾಡುತ್ತ, ಕಾಲಲ್ಲಿ ನೆಲ ಒರೆಸುತ್ತಿದ್ದ ಹೆಂಡತಿ ಅದನ್ನು ಓದಿ, “ಈ ಚೀಟಿ ನನಗೊಂದು ಬರೆದುಕೊಡಿ” ಎಂದಳು.

ಎರಡನೆಯದಾಗಿ ಶಸ್ತ್ರಚಿಕಿತ್ಸೆ. ಹಿಂಬದಿ ಬಿಚ್ಚಿ ಫ್ಯಾನಿನಿಂದ ಅವನು ಎಳೆದು ತೆಗೆದ ಧೂಳು ಚಿಕ್ಕದೊಂದು ಬೆಕ್ಕಿನಷ್ಟಿತ್ತು. ಉಜ್ಜಿ, ಊದಿ, ಒಂದು ಹನಿ ಎಣ್ಣೆ ಬಿಟ್ಟು ಮುಚ್ಚಿದ. ಕೊನೆಗೆ ಒಂದು ಸ್ಕ್ರೂ ಮಿಕ್ಕಿತು. (ಲಿಫ್ಟಿನಲ್ಲಿ ಒಂದು ಸ್ಕ್ರೂ ಮಿಕ್ಕರೆ ವಾರವೆಲ್ಲ ಊಟ ಸೇರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಮಿಕ್ಕರೆ ಒಂದು ಸ್ಕ್ರೂ ಲಾಭ.) ಫ್ಯಾನು ಈಗ ಕೂಗುವುದು ಬಿಟ್ಟು ಗುನುಗತೊಡಗಿತು. ಆದರೂ ಹತ್ತೊಂಬತ್ತನೇ ನಿಮಿಷಕ್ಕೆ ಗಾಡಿ ಏದುಸಿರು ಬಿಟ್ಟು ನಿಂತಿತು.

ಮೂರನೆಯದಾಗಿ ವೀಡಿಯೊವನ್ನೇ ಸಣಕಲು ಮಾಡುವ ಉಪಾಯ. ಅದಕ್ಕೊಂದು ಸಾಫ್ಟ್‌ವೇರು ಸಿಕ್ಕಿತು. ಸಣ್ಣದು ಅಂದರೆ ಪೂರಾ ಸಣ್ಣದೇ ಆಗಲಿ ಎಂದು ಕೊನೆಯ ಗೆರೆಗೆ ಇಳಿಸಿ, ಗುರುವಾರವೆಲ್ಲ ಬೇಯಲು ಬಿಟ್ಟು, ಶುಕ್ರವಾರ ಹೆಂಡತಿಯನ್ನು ಕೂರಿಸಿಕೊಂಡ. ವೀಡಿಯೊ ಎಲ್ಲೂ ನಿಲ್ಲದೆ ಓಡಿತು. ಆದರೆ ಕಾಣುತ್ತಿದ್ದುದೆಲ್ಲ ಬರೀ ಚೌಕಗಳು.

ಹತ್ತೊಂಬತ್ತನೇ ನಿಮಿಷಕ್ಕೆ ಚೌಕಗಳೆಲ್ಲ ಪಕ್ಕಕ್ಕೆ ಸರಿದವು. “ಇದೇನ್ರೀ, ನಡುವೆ ಕಪ್ಪು ತೂತು?” ಎಂದಳು ಹೆಂಡತಿ.

“ಸಭಾಂಗಣದ ಬಾಗಿಲು ಇರ್ಬೇಕು.”

“ನಾನೆಲ್ಲಿ?”

“ಅಗೋ ಬಂದೆ ನೋಡು. ಆ ಕಪ್ಪು ಚೌಕದ ಮೇಲಿರೋ ಕಂದು ಚೌಕ.”

“ನನಗೆ ಮೂಗಿತ್ತು ರೀ. ಮದುವೆ ಆದಾಗಿಂದ ಇದೆ. ಮೂಗು ಬರೋ ಹಾಗೆ ಮಾಡಿ.”

ಅತಿ ಆದರೆ ಅಮೃತವೂ ವಿಷ ಎಂದುಕೊಂಡು ಲಿಫ್ಟಣ್ಣ ನಡುವಿನ ದಾರಿ ಹಿಡಿದ. ವೀಡಿಯೊವನ್ನು ಅರ್ಧಕ್ಕೆ ಮಾತ್ರ ಇಳಿಸಿದ, ಪೆನ್ ಡ್ರೈವಿನಿಂದ ಲ್ಯಾಪ್‌ಟಾಪಿನೊಳಕ್ಕೇ ತುಂಬಿಕೊಂಡ, ಭಾರಿ ಪ್ಲೇಯರು ಕಿತ್ತು ಹಗುರವಾದದ್ದೊಂದನ್ನು ಹಾಕಿದ. ಶನಿವಾರ ಕೂತು ಎರಡು ಸಲ, ಮೊದಲಿಂದ ಕೊನೆಯವರೆಗೆ ಪರೀಕ್ಷೆ ಮಾಡಿದ.

ಇಲ್ಲಿಯೇ ಅವನು ಎಡವಿದ್ದು. ಲಿಫ್ಟಿನವರು ಪರೀಕ್ಷೆ ಮಾಡುವಾಗ ಲಿಫ್ಟಿನೊಳಗೆ ಕೂರುವುದಿಲ್ಲ. ಮೇಲಿನ ಯಂತ್ರದ ಕೋಣೆಯಲ್ಲಿ ನಿಂತು ಮೀಟರು ನೋಡುತ್ತಾರೆ, ಮೋಟಾರಿಗೆ ಕಿವಿಗೊಡುತ್ತಾರೆ. ಲಿಫ್ಟಣ್ಣ ಮಾಡಿದ್ದೂ ಅದನ್ನೇ. ಯಂತ್ರ ಎಷ್ಟು ಬೆವರುತ್ತಿದೆ ಎಂದು ತೋರಿಸುವ ಗ್ರಾಫನ್ನು ಪರದೆಯ ತುಂಬ ಹರಡಿಕೊಂಡ, ನಾಟಕ ಅದರ ಹಿಂದೆ ಓಡುತ್ತಿತ್ತು. ಹತ್ತೊಂಬತ್ತನೇ ನಿಮಿಷದಲ್ಲಿ ಗೆರೆ ತೊಂಬತ್ತಾರಕ್ಕೆ ಜಿಗಿದು, ನಡುಗಿ, ಕೆಳಗಿಳಿಯಿತು. ‘ಕ್ಯಾಮೆರಾ ಪೂರ್ತಿ ತಿರುಗ್ತಿರಬೇಕು. ಚಿತ್ರವೆಲ್ಲ ಒಟ್ಟಿಗೆ ಬದಲಾದ್ರೆ ಭಾರ ಜಾಸ್ತಿ’ ಎಂದು ಸರಿಯಾಗಿಯೇ ಊಹಿಸಿದ. ಯಾವ ಕಡೆಗೆ ತಿರುಗುತ್ತಿದೆ ಎಂದು ಯೋಚಿಸಲಿಲ್ಲ.

ಭಾನುವಾರ ಅತ್ತೆ ನಡುವಿನ ಕುರ್ಚಿಯಲ್ಲಿ ಪ್ರತಿಷ್ಠಾಪಿತರಾದರು. ಬಾಮೈದ ಹೊಸ ಲ್ಯಾಪ್‌ಟಾಪುಗಳ ಕ್ಯಾಟಲಾಗು ಹಿಡಿದುಕೊಂಡೇ ಬಂದಿದ್ದ. “ಭಾವ, ಸುಮ್ನೆ ಸೋಲೊಪ್ಕೊಳ್ಳಿ. ಇದು ಮ್ಯೂಸಿಯಂ ಸೇರೋ ಕೇಸು.”

“ಕೂತ್ಕೊಂಡು ನೋಡಪ್ಪ” ಎಂದು ಲಿಫ್ಟಣ್ಣ ಕಿಟಕಿ ಮುಚ್ಚಿ ದೀಪ ಆರಿಸಿ, ಏನಾದರೂ ಆದರೆ ಇರಲಿ ಎಂದು ಯಂತ್ರದ ಮಗ್ಗುಲಿಗೇ ಕೂತ.

ಕಳ್ಳ ಬಂದ, ಪೊಲೀಸ್ ಬಂದ. ಈಗ ಪೊಲೀಸಿನವನ ಬಾಯಿಗೂ ಮಾತಿಗೂ ರಾಜಿಯಾಗಿತ್ತು. ಹದಿನೇಳು, ಹದಿನೆಂಟು. ಹೆಂಡತಿ ಉಸಿರು ಬಿಗಿಹಿಡಿದಳು. ಹತ್ತೊಂಬತ್ತು. ದೃಶ್ಯ ಮುಗಿದು ಚಪ್ಪಾಳೆ ಬಿತ್ತು, ಕ್ಯಾಮೆರಾ ವೇದಿಕೆಯಿಂದ ಪ್ರೇಕ್ಷಕರ ಕಡೆಗೆ ತಿರುಗಿತು. ಯಂತ್ರ ನಿಲ್ಲಲಿಲ್ಲ!

“ಗೆದ್ದೆ!” ಎಂದು ಕೈಯೆತ್ತಿದ ಲಿಫ್ಟಣ್ಣನ ಕೈ ಅರ್ಧದಲ್ಲೇ ನಿಂತಿತು. ಪರದೆಯ ಮೇಲೆ ಮೊದಲ ಸಾಲು ಒಬ್ಬೊಬ್ಬರಾಗಿ ಸರಿಯುತ್ತಿತ್ತು, ಒಂದೊಂದು ಮುಖವೂ ಮೂಗಿನ ಸಮೇತ. “ಎಷ್ಟು ಸ್ವಚ್ಛವಾಗಿ ಕಾಣುತ್ತೆ!” ಎಂದು ಅತ್ತೆ ಹಿಗ್ಗಿದರು. ಎರಡನೇ ಸಾಲು. ಮೂರನೇ ಸಾಲಿನ ತುದಿಯಲ್ಲಿ ಹಳದಿ ಅಂಗಿಯ ದಪ್ಪ ಮನುಷ್ಯನೊಬ್ಬನ ಮೊಣಕೈ ಕಂಡಿತು. ಆ ಅಂಗಿಯನ್ನು ಲಿಫ್ಟಣ್ಣ ಬಲ್ಲ. ಅವತ್ತು ಎಚ್ಚರವಾದಾಗ ಅವನ ಕೆನ್ನೆ ಇದ್ದದ್ದು ಅದರ ಮೇಲೆಯೇ.

ಈಗ ಅವನಿಗೆ ದೇವರಲ್ಲಿ ಒಂದೇ ಬೇಡಿಕೆ: ಇದು ನಿಲ್ಲಲಿ. ಅಂಗೈಯನ್ನು ಮೆಲ್ಲಗೆ ಯಂತ್ರದ ಬದಿಗೆ ತಂದು, ಬಿಸಿಗಾಳಿ ಹೊರಬರುವ ಕಿಂಡಿಯನ್ನು ಒತ್ತಿ ಮುಚ್ಚಿದ. ಕಾವೇರಿದರೆ ನಿಂತೀತು ಎಂಬ ಆಸೆ. ಅಂಗೈ ಸುಟ್ಟಿತೇ ಹೊರತು ಯಂತ್ರ ಜಗ್ಗಲಿಲ್ಲ. ಅವನೇ ಉಜ್ಜಿ, ಅವನೇ ಎಣ್ಣೆ ಬಿಟ್ಟ ಫ್ಯಾನು ಗುನುಗುತ್ತಲೇ ಇತ್ತು.

“ಯಾಕೆ ಅಳಿಯಂದಿರೇ, ಇಷ್ಟು ಬೆವರ್ತಾ ಇದ್ದೀರಿ?” ಎಂದರು ಅತ್ತೆ.

ಅಷ್ಟರಲ್ಲಿ ಬಂದೇಬಿಟ್ಟಿತು. ಹಳದಿ ಹೆಗಲ ಮೇಲೆ ತಲೆ ಒರಗಿಸಿ, ಕಣ್ಣು ಮುಚ್ಚಿ, ಬಾಯನ್ನು ಲಿಫ್ಟಿನ ಬಾಗಿಲಿನಂತೆ ಪೂರ್ತಿ ತೆರೆದು ಲಿಫ್ಟಣ್ಣ ಪವಡಿಸಿದ್ದ. ಆ ಫೋಟೋಗ್ರಾಫರನಿಗೆ ಯಾವ ಜನ್ಮದ ಹಗೆಯೋ, ಮುಂದೆ ಸರಿಯದೆ ಅಲ್ಲೇ ನಿಂತು ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ ತಂದ. ಚಿತ್ರ ಅಲ್ಲಾಡದೆ ನಿಂತಿತು.

ಬಾಮೈದ ಜಿಗಿದೆದ್ದ. “ನಿಂತ್ಹೋಯ್ತು! ಸೋತ್ರಿ ಭಾವ!”

“ನಿಂತಿಲ್ಲ ಕಣೋ” ಎಂದಳು ಹೆಂಡತಿ, ಕೀ ಮೇಲಿಟ್ಟ ಬೆರಳನ್ನು ತೋರಿಸಿ. “ನಾನೇ ನಿಲ್ಲಿಸಿದ್ದು. ಯಂತ್ರ ಚೆನ್ನಾಗೇ ಓಡ್ತಿದೆ. ಪಣ ನಿಮ್ಮ ಭಾವನದೇ.” ಆಮೇಲೆ ಗಂಡನ ಕಡೆ ತಿರುಗಿದಳು. “ಶುಕ್ರವಾರ ತೋರಿಸಿದ್ರಲ್ಲ ಸಭಾಂಗಣದ ಬಾಗಿಲು, ಅದು ಇದೇ ತಾನೇ?”

“ಅದು… ನಾನು ಕಣ್ಣು ಮುಚ್ಕೊಂಡು ಮಾತುಗಳನ್ನ ಅನುಭವಿಸ್ತಾ ಇದ್ದೆ.”

“ಓಹೋ. ಬಾಯಲ್ಲಿ ಕೇಳಿಸ್ಕೊಳ್ತಾ ಇದ್ರಾ?”

ಬಾಮೈದ ಕ್ಯಾಟಲಾಗನ್ನು ಮುಖಕ್ಕೆ ಅಡ್ಡ ಹಿಡಿದು ನಕ್ಕ. ಹೆಂಡತಿ ನಗಲಿಲ್ಲ. “ಲೈಬ್ರರಿಗೆ ಬಂದವರಿಗೆಲ್ಲ ಹೇಳ್ಕೊಂಡು ಬಂದಿದ್ದೀನಿ ರೀ, ನೀವು ಅತ್ರಿ ಅಂತ” ಎಂದಳು, ಸಣ್ಣ ದನಿಯಲ್ಲಿ. ಲಿಫ್ಟಣ್ಣನಿಗೆ ನಿಜಕ್ಕೂ ನಾಚಿಕೆಯಾಯಿತು. ಸುಟ್ಟ ಅಂಗೈಗಿಂತ ಆ ಮಾತು ಹೆಚ್ಚು ಉರಿಯಿತು.

“ನಾಳೇನೇ ಹೊಸ ಲ್ಯಾಪ್‌ಟಾಪ್ ತರ್ತೀನಿ ಕಣೇ. ಇದು ಹಳೇದಾಯ್ತು, ಬಿಸಾಕೋಣ” ಎಂದ. ಈ ಮಾತು ತನ್ನ ಬಾಯಿಂದಲೇ ಬಂದದ್ದು ಕೇಳಿ ಅವನಿಗೇ ದಿಗಿಲಾಯಿತು.

ಹೆಂಡತಿ ನೆಟ್ಟಗೆ ಕೂತಳು. ಬಾಯಿಂದ ಹೊರಟದ್ದು ನ್ಯಾಯಾಧೀಶೆಯ ಗತ್ತಿನ ದನಿ. “ಪಣ ಅಂದ್ರೆ ಪಣ. ಇದು ತಾನಾಗಿ ಸಾಯೋವರೆಗೂ ಈ ಮನೇಲೇ ಇರುತ್ತೆ. ಈಗ ಮುಂದೆ ನೋಡಿ, ಕಣ್ಣು ಬಿಟ್ಕೊಂಡು. ಶ್!”

ನಾಟಕ ಮುಂದುವರಿಯಿತು. ಕರಿಕೋಟು ತೊಟ್ಟ ನ್ಯಾಯಾಧೀಶೆ ಬಂದಳು. ಹೆಂಡತಿ ತನ್ನನ್ನೇ ತಾನು ನೋಡುತ್ತ ತುಟಿಯಲ್ಲೇ ಮಾತುಗಳನ್ನು ಹೇಳಿಕೊಳ್ಳುತ್ತಿದ್ದಳು. ಲಿಫ್ಟಣ್ಣ ರೆಪ್ಪೆ ಬಡಿಯದೆ ನೋಡಿದ. ಮೊದಲು ಹೆದರಿ ನೋಡಿದ, ಆಮೇಲೆ ಹೆದರಿಕೆ ಮರೆತು ನೋಡಿದ. ಕಟಕಟೆಯಲ್ಲಿ ನಿಂತವನೊಬ್ಬ ಮುದುಕ. ಗ್ರಂಥಾಲಯದ ಪುಸ್ತಕದಿಂದ ಒಂದು ಹಾಳೆ ಕದ್ದಿದ್ದಾನೆ. ಯಾಕೆ ಕದ್ದೆ ಎಂದು ಕೇಳಿದರೆ, ಮನೆಯಲ್ಲಿ ನಿಧಾನವಾಗಿ ಓದೋಣವೆಂದು, ಕಣ್ಣು ಸರಿಯಾಗಿ ಕಾಣುವುದಿಲ್ಲ ಎನ್ನುತ್ತಾನೆ. ಕೊನೆಯಲ್ಲಿ ನ್ಯಾಯಾಧೀಶೆ ಪೀಠದಿಂದ ಇಳಿದು ಬಂದು, ತನ್ನ ಕನ್ನಡಕ ತೆಗೆದು ಮುದುಕನ ಮೂಗಿಗೆ ಏರಿಸಿ, “ಈಗ ಓದಿ ಅಜ್ಜ, ನ್ಯಾಯಾಲಯ ಕಾಯುತ್ತೆ” ಎನ್ನುತ್ತಾಳೆ. “ಅಯ್ಯೋ, ಕನ್ನಡಕ ತೆಗೆದು ಮುದುಕನಿಗೇ ಕೊಟ್ಟಳಲ್ಲ!” ಎಂದು ಅತ್ತೆ ಜೋರಾಗಿ ಉದ್ಗರಿಸಿದರು.

ಅದು ನಟನೆ ಎಂದು ಲಿಫ್ಟಣ್ಣನಿಗೆ ಗೊತ್ತಿತ್ತು. ಆ ಕನ್ನಡಕ ತನ್ನ ಮನೆಯದೇ, ಅದರ ಕಡ್ಡಿಯನ್ನು ತಾನೇ ರಿಪೇರಿ ಮಾಡಿದ್ದು ಎಂಬುದೂ ಗೊತ್ತಿತ್ತು. ಆದರೂ ಪರದೆಗೆ ಇನ್ನಷ್ಟು ಹತ್ತಿರ ಬಗ್ಗಿದ. ಇಂಥವಳ ಜೊತೆ ಇಷ್ಟು ವರ್ಷ ಇದ್ದೇನಲ್ಲ ಎಂದುಕೊಂಡ. ಕಣ್ಣೀರು ಹರಿಯಿತು, ತಡೆಯಲು ಹೋಗಿ ಇನ್ನೂ ಹರಿಯಿತು. ಒಂದು ಗಂಟೆ ಹತ್ತು ನಿಮಿಷದ ವೀಡಿಯೊ ತಾನಾಗಿ ಎಲ್ಲೂ ನಿಲ್ಲದೆ ಮುಗಿಯಿತು.

ಬಾಮೈದ ದೀಪ ಹಾಕಿದ. ಹೆಂಡತಿ, ಹೇಗಿತ್ತು ಎಂದು ಕೇಳಲು ತಿರುಗಿ ನೋಡಿದರೆ, ಗಂಡನ ಕಣ್ಣುಗಳು ಕೆಂಪಗೆ ಕೆಂಡವಾಗಿದ್ದವು, ರೆಪ್ಪೆ ಒದ್ದೆಯಾಗಿತ್ತು, ಮಾತು ತೊದಲುತ್ತಿತ್ತು.

“ಕೊನೇ ದೃಶ್ಯ… ತಡೆಯೋಕ್ಕಾಗ್ಲಿಲ್ಲ ಕಣೇ” ಎಂದ ಲಿಫ್ಟಣ್ಣ.

“ಮತ್ತೆ ನಿದ್ದೆ ಹೊಡೆದ್ರಾ!”

“ಇಲ್ಲ ಕಣೇ, ಆಣೆಗೂ! ಕನ್ನಡಕ ತೆಗೆದು ಮುದುಕನಿಗೆ…”

“ಪಕ್ಕದಲ್ಲಿ ಅಮ್ಮ ಜೋರಾಗಿ ಹೇಳ್ತಾ ಇದ್ರು, ನನಗೂ ಕೇಳಿಸ್ತು.”

“ಪಾಪ, ದಣಿದಿದ್ದಾರೆ” ಎಂದರು ಅತ್ತೆ, ಅಳಿಯನ ಪರ ವಹಿಸುವ ದನಿಯಲ್ಲಿ. “ಮುಖ ತೊಳ್ಕೊಂಡು ಬನ್ನಿ ಅಳಿಯಂದಿರೇ. ಅಷ್ಟರಲ್ಲಿ ನಾವು ಆ ಹಳದಿ ಅಂಗಿಯವನ ಭಾಗ ಇನ್ನೊಂದು ಸಲ ನೋಡ್ತೀವಿ.”

ಹೆಂಡತಿ ವೀಡಿಯೊವನ್ನು ಹಿಂದಕ್ಕೆ ಎಳೆದಳು. ಮೊದಲೆಲ್ಲ ಎಳೆದರೆ ಕಪ್ಪಾಗುತ್ತಿದ್ದ ಪರದೆ, ಈಗ ಅರೆಕ್ಷಣವೂ ತಡಮಾಡದೆ, ಸರಿಯಾಗಿ ಹತ್ತೊಂಬತ್ತನೇ ನಿಮಿಷಕ್ಕೆ ಹೋಗಿ ಲಿಫ್ಟಣ್ಣನ ತೆರೆದ ಬಾಯನ್ನು ತಂದು ನಿಲ್ಲಿಸಿತು.