ನನ್ನ ಕಿವಿಯೂ ಮಾತಾಡಿಸಲು ಬಂದವರೂ

ನನ್ನ ಕಿವಿಯ ಹಾಲೆಯಲ್ಲಿ ಗಂಟು ಎಬ್ಬಿಸಿದ್ದು ಜನರ ಬೆರಳು. ಇದರಲ್ಲಿ ಎರಡು ಮಾತಿಲ್ಲ. ಹುಕ್ಕೇರಿಯಲ್ಲಿರುವ ನನ್ನ ಅಕ್ಕ ದೃಷ್ಟಿ ತಾಗಿತು ಎನ್ನುತ್ತಾಳೆ. ಬಾಜೂ ಮನೆಯ ಪದ್ಮಾವತಿ ನಾನು ಬದನೆಕಾಯಿ ತಿಂದದ್ದಕ್ಕೆ ಎನ್ನುತ್ತಾಳೆ. ನಮ್ಮ ಯಜಮಾನರಂತೂ ಈ ವಯಸ್ಸಿನಲ್ಲಿ ಕಿವಿ ಹೊಲಿಸಿಕೊಂಡದ್ದೇ ತಪ್ಪು ಎಂದು ಬೀಡಿ ಹಚ್ಚುತ್ತಾರೆ. ಮೂವರದೂ ಸುಳ್ಳು. ಕಾಯಿಲೆಯಾದವರನ್ನು ಮಾತಾಡಿಸಿ ಬರುವುದು ನಮ್ಮ ಕಡೆ ದೊಡ್ಡ ಪದ್ಧತಿ. ಆಸ್ಪತ್ರೆಗೆ ಹೋಗಿ ಬಂದವರ ಮನೆಗೆ ಬಿಸ್ಕೀಟಿನ ಪುಡಿಕೆ ಹಿಡಿದುಕೊಂಡು ಹೋಗದಿದ್ದರೆ, ಮುಂದೆ ಅವರ ಮನೆಯ ಮದುವೆಗೆ ಹೋಗಲು ಮುಖವಿರುವುದಿಲ್ಲ. ಮಾತಾಡಿಸುವುದು ಎಂದು ಹೆಸರಷ್ಟೇ. ಬಂದವರಿಗೆ ಮಾತು ಬೇಕಾಗಿರುವುದಿಲ್ಲ, ಎಲ್ಲಿ ಕೊಯ್ದಿದ್ದಾರೆ ಎಂದು ನೋಡಬೇಕಾಗಿರುತ್ತದೆ. ಹೊಟ್ಟೆ ಕೊಯ್ದಿದ್ದರೆ ಗಂಡಸರಿದ್ದಾರೆ ಎಂದು ಸೀರೆ ಸರಿಮಾಡಿಕೊಂಡು ತಪ್ಪಿಸಿಕೊಳ್ಳಬಹುದು. ಕಿವಿಯನ್ನು ಎಲ್ಲಿ ಬಚ್ಚಿಡುವುದು? ಅದು ಅಂಗಡಿಯ ಮುಂದೆ ತೂಗುಹಾಕಿದ ಬಾಳೆಗೊನೆಯಂತೆ. ಕೊಳ್ಳುವವರು ಇರಲಿ, ಸುಮ್ಮನೆ ಹಾದುಹೋಗುವವರೂ ಒಮ್ಮೆ ಒತ್ತಿ ನೋಡುತ್ತಾರೆ.

ಕಿವಿ ಹರಿದದ್ದು ಹೇಗೆ ಎಂಬುದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅದನ್ನು ಕೇಳಲು ನೀವೂ ನಮ್ಮೂರು ಕಲ್ಲೋಳಿಯ ಬಸ್ಸು ಹತ್ತುತ್ತೀರಿ. ನನ್ನ ಮದುವೆಯಲ್ಲಿ ನಮ್ಮವ್ವ ನನಗೆ ಹಾಕಿದ ಜುಮಕಿ ಬಲು ಭಾರ. ಹಾಕಿಕೊಂಡವಳಿಗೆ ತಲೆ ಅಲ್ಲಾಡಿಸಲಾಗದು, ಆದ್ದರಿಂದ ಹೊಸ ಸೊಸೆ ಯಾವುದಕ್ಕೂ ಇಲ್ಲ ಎನ್ನುವುದಿಲ್ಲ. ಹಿಂದಿನವರು ಯೋಚನೆ ಮಾಡಿಯೇ ಮಾಡಿಸಿರಬೇಕು. ವರ್ಷ ಕಳೆದಂತೆ ತೂತು ಇಳಿಯುತ್ತಾ ಇಳಿಯುತ್ತಾ ಬಂದು, ಬಲಗಿವಿಯಲ್ಲಿ ಕೊನೆಗೆ ನೂಲಿನಷ್ಟು ಚರ್ಮದ ಮೇಲೆ ಜುಮಕಿ ನೇತಾಡುತ್ತಿತ್ತು. ನನ್ನ ಸೊಸೆ ಸಾವಿತ್ರಿ ಹೇಳುತ್ತಲೇ ಇದ್ದಳು.

"ಅತ್ತೀ, ಅದನ್ನ ತಗದ ಇಡ್ರಿ. ಕಿವಿ ಹರೀತೈತಿ."

"ಯಾಕ, ನಿನ್ನ ಕಿವ್ಯಾಗ ಹಾಕ್ಕೊಳ್ಳಾಕ ಬೇಕಾಗೈತೇನ?" ಎಂದು ನಾನು ಅವಳ ಬಾಯಿ ಮುಚ್ಚಿಸಿದ್ದೆ.

ಒಂದು ದಿನ ತಲೆಗೆ ಎರೆದುಕೊಂಡು ಟವೆಲ್ಲಿನಿಂದ ಉಜ್ಜುತ್ತಿದ್ದಾಗ ಜುಮಕಿ ಟವೆಲ್ಲಿನ ಜೊತೆಗೆ ಹೋಯಿತು. ಕಿವಿಯ ಹಾಲೆ ಎರಡು ಸೀಳಾಯಿತು. ಸಾವಿತ್ರಿ ಓಡಿ ಬಂದು ಅರಿವೆ ಒತ್ತಿ ಹಿಡಿದಳು. ನಾ ಹೇಳಿದ್ದಿಲ್ಲೇನ್ರಿ ಎಂದು ಒಂದು ಮಾತು ಅನ್ನಲಿಲ್ಲ. ಗಾಯಕ್ಕಿಂತ ಅದೇ ಹೆಚ್ಚು ಉರಿಯಿತು.

ಗೋಕಾಕಿನಲ್ಲಿ ಕಿವಿ ಹೊಲಿಯುವ ಡಾಕ್ಟರು ಒಬ್ಬ ಹೆಣ್ಣುಮಗಳು. ಕಿವಿ ತೋರಿಸಲು ಹೋದರೆ ಆಕೆ ನನ್ನ ತೋಳು ನೋಡುತ್ತಾ ನಿಂತಳು. ಸಣ್ಣವಳಿದ್ದಾಗ ಸಿಡುಬಿನ ಲಸಿಕೆ ಚುಚ್ಚಿದ ಜಾಗದಲ್ಲಿ ನನಗೆ ಹುಣಸೆಬೀಜದಂಥ ಗಂಟು ಇದೆ. ಎಲ್ಲರಿಗೂ ಹಾಗೇ ಇರುತ್ತದೆ ಎಂದುಕೊಂಡಿದ್ದೆ.

"ಆಯಿ, ಇದಕ್ಕ ಕೀಲಾಯ್ಡ್ ಅಂತಾರ್ರಿ," ಎಂದಳು. "ಗಾಯ ಮಾದ ಮ್ಯಾಲೂ ಚರ್ಮಕ್ಕ ಸಾಕ ಅನ್ನೂದ ತಿಳಿಯೂದಿಲ್ಲ, ಬೆಳಕೋತ ಹೋಗತೈತಿ. ನಿಮ್ಮ ಚರ್ಮದ ಗುಣಾನ ಅದು. ಕಿವಿ ಹೊಲಿಯೂದ ಸರಳ ಐತ್ರಿ. ಆಮ್ಯಾಲ ಕಾಯೂದ ಕಷ್ಟ."

ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಆದರೂ ಇದು ಒಂದೇ ಸಲಕ್ಕೆ ತಿಳಿಯಿತು. ಪಂಕ್ತಿಯೆಲ್ಲ ಉಂಡು ಕೈ ತೊಳೆದ ಮೇಲೂ ಒಳಗೆ ಒಬ್ಬಳು ರೊಟ್ಟಿ ಬಡಿಯುತ್ತಲೇ ಇರುತ್ತಾಳಲ್ಲ, ನನ್ನ ಚರ್ಮ ಆ ಜಾತಿಯದು. ಮಮದಾಪುರದ ನಮ್ಮ ಚಿಗವ್ವನೂ ನೆನಪಾದಳು. ಅವಳ ಕಿವಿಯ ಹಿಂದೆ ಬಾರೆಹಣ್ಣಿನಷ್ಟು ಗಂಟು ಇತ್ತು. ಒಮ್ಮೆ ಯಾರಿಂದಲೋ ಕೊಯ್ಯಿಸಿದಳು, ಅದು ಇನ್ನೂ ದಪ್ಪವಾಗಿ ತಿರುಗಿ ಬಂತು. ಅಂದಿನಿಂದ ಸಾಯುವ ತನಕ ಅವಳು ತಲೆಯ ಮೇಲಿನ ಸೆರಗು ಇಳಿಸಲಿಲ್ಲ. ಊರೆಲ್ಲ ಎಂಥ ಮರ್ಯಾದಸ್ಥ ಹೆಣ್ಣುಮಗಳು ಎಂದು ಹೊಗಳಿತು. ಸೆಕೆಗಾಲದಲ್ಲಿ ಸೆರಗಿನೊಳಗೆ ಬೆವರುತ್ತಾ, ಕೆರೆದುಕೊಳ್ಳುತ್ತಾ ಕೂತಿರುತ್ತಿದ್ದ ಅವಳನ್ನು ನಾನು ನೋಡಿದ್ದೇನೆ. ನನಗೆ ಆ ಮರ್ಯಾದೆ ಬೇಡವಾಗಿತ್ತು.

ಕಿವಿ ಹೊಲಿದರು. ಹೊಲಿಗೆ ಬಿಚ್ಚಿ, ಗಾಯ ಒಣಗಿದ ಮೇಲೆ ನಿಜವಾದ ಕಾಟ ಶುರುವಾಯಿತು. ಹಾಲಿನ ಕೆನೆಯಂಥ ಒಂದು ಸಿಲಿಕಾನ್ ಹಾಳೆ ಕಿವಿಗೆ ಅಂಟಿಸಬೇಕು. ಅದರ ಮೇಲೆ ಹಿಂದೆ ಮುಂದೆ ಒತ್ತಿ ಹಿಡಿಯುವ ಒಂದು ಕ್ಲಿಪ್ಪು. ಸ್ನಾನಕ್ಕೆ ಬಿಟ್ಟರೆ ಉಳಿದ ಹೊತ್ತೆಲ್ಲ ಅದು ಕಿವಿಯಲ್ಲಿರಬೇಕು, ಅದೂ ತಿಂಗಳುಗಟ್ಟಲೆ. ಒತ್ತಿ ಹಿಡಿದರೆ ಗಂಟು ಏಳುವುದು ತಪ್ಪೀತು ಎಂದು ಡಾಕ್ಟರು ಹೇಳಿದಳು. ಉಜ್ಜಬಾರದು, ಕೆರೆಯಬಾರದು, ಮನೆಮದ್ದು ಹಚ್ಚಬಾರದು, ಹೊಸ ತೂತಿನ ಹೆಸರು ಸದ್ಯಕ್ಕೆ ಎತ್ತಬಾರದು. ತುರಿಕೆ ಬಂದರೆ ಅಥವಾ ಕೈಗೆ ಗಟ್ಟಿಯಾದದ್ದು ಹತ್ತಿದರೆ ತಡಮಾಡದೆ ಬರಬೇಕು, ಎಳೆಯದಿದ್ದಾಗ ಇಂಜೆಕ್ಷನ್ನಿನ ಮಾತು ಕೇಳುತ್ತದೆ, ಬಲಿತ ಮೇಲೆ ಯಾರ ಮಾತೂ ಕೇಳುವುದಿಲ್ಲ. ಕ್ಲಿಪ್ಪು ಹಾಕಿಕೊಂಡು ಮನೆಗೆ ಬಂದಾಗ ಯಜಮಾನರು ಕಟ್ಟೆಯ ಮೇಲೆ ಕೂತಿದ್ದರು.

"ಏನಿದು, ನಿನ್ನ ಒಣಾಕ ಹಾಕ್ಯಾರೇನ?" ಎಂದರು.

ಆಮೇಲೆ ಮಾತಾಡಿಸುವವರು ಬಂದರು. ಮೊದಲು ಪದ್ಮಾವತಿ. ಅವರ ಮನೆಯವರು ಮರಾಠಿ ಮಾತಾಡುವ ಜೈನರು, ಇರುವೆಗೂ ನೋವು ಮಾಡದವರು. ಆದರೆ ನನ್ನ ಕಿವಿ ಇರುವೆಯಲ್ಲವಲ್ಲ.

"ಕಾಕೂ, ಕ್ಲಿಪ್ ಸ್ವಲ್ಪ ತಗೀರಿ, ನೋಡೂನು," ಎಂದು ಹಾಲೆಯನ್ನು ಹಿಡಿದು ಮಡಚಿ ನೋಡಿದಳು. "ಅಯ್ಯ, ತೂತನ ಇಲ್ಲಲ್ಲರಿ! ದುಡ್ಡ ತಗೊಂಡ ತೂತ ಮುಚ್ಚಿ ಕಳಿಸ್ಯಾರ! ಈಗಿಂದೀಗ ಒಂದ ಜ್ವಾಳದ ಕಡ್ಡಿ ಚುಚ್ಚಿ ಇಡ್ರಿ, ಇಲ್ಲಂದ್ರ ಪೂರ್ತಿ ಕೂಡಿ ಬಿಡತೈತಿ."

ಕೂಡಲಿ ಎಂದೇ ಹೊಲಿಸಿದ್ದು ಎಂದು ಎಷ್ಟು ಹೇಳಿದರೂ ಅವಳಿಗೆ ಒಪ್ಪಿಗೆಯಾಗಲಿಲ್ಲ. ಅವಳ ಹಿಂದೆ ಓಣಿ ಪೂರ್ತಿ ಬಂತು. ಒಬ್ಬಳು ಹೊಲಿಗೆಯ ಗುರುತು ಹುಡುಕಿದಳು, ಒಬ್ಬಳು ಎಡಗಿವಿಯನ್ನೂ ಹಿಡಿದು ಎರಡೂ ಸಮ ಇವೆಯೇ ಎಂದು ಎಳೆದು ನೋಡಿದಳು. ನಾನೂ ಕಡಿಮೆಯವಳಲ್ಲ. ನಾಲ್ಕು ಜನ ನನ್ನನ್ನೇ ನೋಡಲು ಬಂದು ಎಷ್ಟು ಕಾಲವಾಗಿತ್ತೋ! ಅವರು ಕೇಳುವ ಮೊದಲೇ ಕ್ಲಿಪ್ಪು ತೆಗೆದು, ಬೆಳಕಿಗೆ ಕಿವಿ ತಿರುಗಿಸಿ ಕೂಡುತ್ತಿದ್ದೆ.

ಕೊನೆಗೆ ಹುಕ್ಕೇರಿಯಿಂದ ಅಕ್ಕ ಬಂದಳು. ಬಸ್ಸು ಇಳಿದವಳೇ ಚೀಲದಿಂದ ಅರಿಶಿನದ ಪೊಟ್ಟಣ, ಸುಣ್ಣದ ಡಬ್ಬಿ ತೆಗೆದಳು.

"ಡಾಕ್ಟರು ಬ್ಯಾಡ ಅಂದಾರ ಅಕ್ಕಾ."

"ಡಾಕ್ಟರು ಏನ ಬ್ಯಾಡ ಅಂತಾರ, ಅದನ್ನ ಮಾಡಿದ್ರನ ವಾಸಿ ಆಗೂದ. ವಾಸಿ ಆದ್ರ ಅವರ ಕಡೆ ಯಾರ ಹೊಕ್ಕಾರ? ಬಾ ಪಾರೀ, ಇತ್ತ ಬಗ್ಗು."

ಅವ್ವ ಹೋದ ಮೇಲೆ ನಮ್ಮ ಮನೆತನದಲ್ಲಿ ಅಕ್ಕನೇ ಅವ್ವ. ನಾನು ಬಗ್ಗಿದೆ. ರೊಟ್ಟಿ ಬಡಿದು ಬಡಿದು ಗಟ್ಟಿಯಾದ ಹೆಬ್ಬೆರಳಿನಿಂದ ಅವಳು ಹಾಲೆಯನ್ನು ಹಿಂದೆ ಮುಂದೆ ಚೆನ್ನಾಗಿ ತಿಕ್ಕಿದಳು. ಮಾಡಿದ ಕೆಲಸ ಅವಳಿಗೆ ಬಲು ಸಮಾಧಾನ ಕೊಟ್ಟಿತು. ಎರಡು ಸಲ ಉಂಡು, ಒಂದು ನಿದ್ದೆ ತೆಗೆದು ಹೋದಳು.

ಸ್ವಲ್ಪ ದಿನಕ್ಕೆ ತುರಿಕೆ ಹತ್ತಿತು. ಮುಟ್ಟಿ ನೋಡಿದರೆ ಹಾಲೆಯ ಹಿಂದೆ ಜೋಳದ ಕಾಳಿನಂಥದು ಒಂದು ಕೈಗೆ ಹತ್ತಿತು. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಸಾವಿತ್ರಿ ಮತ್ತೆ ಏನೂ ಅನ್ನದೆ ಸುಮ್ಮನಿದ್ದಾಳು ಎಂದು ಹೆದರಿಕೆ.

"ಅತ್ತೀ, ಕಿವಿ ತುರಸ್ತೈತೇನ್ರಿ?"

"ಇಲ್ಲ."

"ಮತ್ತ ಎಮ್ಮಿ ಗ್ವಾದ್ಲಿ ಕಂಬಕ್ಕ ತಿಕ್ಕಿದಂಗ ಬಾಗಲ ಚೌಕಟ್ಟಿಗ್ಯಾಕ ತಿಕ್ಕಾಕತ್ತೀರಿ? ನಡೀರಿ ಗೋಕಾಕಕ್ಕ."

ಡಾಕ್ಟರು ಕಿವಿಯನ್ನು ತಿರುಗಿಸಿ ನೋಡಿದಳು.

"ಕ್ಲಿಪ್ ಯಾರ ತಗದಿದ್ರು, ಆಯಿ?"

"ಯಾರೂ ಇಲ್ರಿ."

"ಇಲ್ಲೆ ಅರಿಷಿಣ ಐತಲ್ರಿ?"

"ಒಗ್ಗರಣಿ ಸಿಡದಿರಬೇಕ್ರಿ."

"ಕಿವಿ ಹಿಂದಕ?"

ಸಾವಿತ್ರಿ ಗೋಡೆಯ ಕಡೆ ಮುಖ ತಿರುಗಿಸಿ ಕೆಮ್ಮಿದಳು. ಡಾಕ್ಟರು ನಗಲಿಲ್ಲ. "ಚರ್ಮದ ಗುಣ ಅಂತೂ ಇತ್ತ, ನೀವು ಅದನ್ನ ಕೆಣಕೀರಿ. ಇನ್ನೂ ಎಳೇದ ಐತಿ, ಇಂಜೆಕ್ಷನ್ ಕೊಡತೇನಿ. ಹಿಂಗ ತಿಕ್ಕಿಸ್ಕೋತ ಕುಂತ್ರ ತೋಳಿನ ಮ್ಯಾಲಿಂದಕ್ಕಿಂತ ದೊಡ್ಡದ ಆಕ್ಕೈತಿ, ಆಮ್ಯಾಲ ನನ್ನ ಕೈಯಾಗೂ ಇರೂದಿಲ್ಲ," ಎಂದಳು. ಸೂಜಿ ನೇರವಾಗಿ ಆ ಗಂಟಿನೊಳಕ್ಕೇ ಇಳಿಯಿತು. ನಾಲ್ಕು ಮಕ್ಕಳನ್ನು ಹೆತ್ತಾಗಲೂ ನಾನು ಅಷ್ಟು ಬೈದಿರಲಿಲ್ಲ. ಬೈದದ್ದು ಅಕ್ಕನ ಹೆಸರು ಹಿಡಿದು. ಚಿಗವ್ವನ ಸೆರಗು ಕಣ್ಣ ಮುಂದೆಯೇ ಇತ್ತು.

ಅಂದಿನಿಂದ ಸಾವಿತ್ರಿ ನನಗೆ ಗಾಡಿ ಹೊಡೆಯುವ ಹುಡುಗಿಯರಂತೆ ಕಿವಿ ಮುಚ್ಚಿ ಸ್ಕಾರ್ಫು ಕಟ್ಟಿದಳು. ಬಂದವರಿಗೆ ಚಹಾ ಕೊಡುವಳು, ಕಿವಿ ಕೊಡಳು. ನೋಡಲು ಸಿಗದ ಕಿವಿಯ ಸುದ್ದಿ ಬೇಗ ಬೆಳೆಯಿತು. ಅಂಕಲಗಿ ಮುಟ್ಟುವ ಹೊತ್ತಿಗೆ, ಕಲ್ಲೋಳಿಯ ಪಾರವ್ವನಿಗೆ ಕಿವಿಯನ್ನೇ ಕತ್ತರಿಸಿ ತೆಗೆದಿದ್ದಾರಂತೆ ಎಂದಾಗಿತ್ತು. ಆ ಸುದ್ದಿ ಕೇಳಿ ಅಕ್ಕ ಅಳುತ್ತಾ ಬಂದಳು. ಕಿವಿ ಇದ್ದಲ್ಲೇ ಇದೆ ಎಂದ ಕೂಡಲೆ ಅಳು ನಿಲ್ಲಿಸಿ ಸ್ಕಾರ್ಫಿಗೆ ಕೈ ಹಾಕಿದಳು.

"ಅಕ್ಕಾ, ಕೈ ತಗಿ."

"ಏನಂದಿ?"

"ಚಿಗವ್ವನ ಕಿವಿ ನೀ ನೋಡಿಲ್ಲೇನ? ನಿನ್ನ ಕೈ ನಿನ್ನ ಹಂತ್ಯಾಕ ಇರ್ಲಿ."

ಅಕ್ಕ ನನ್ನನ್ನೇ ನೋಡಿದಳು. ಹುಟ್ಟಿದಂದಿನಿಂದ ನಾನು ಅವಳಿಗೆ ಎದುರು ಮಾತಾಡಿದವಳಲ್ಲ. "ನಿನ್ನ ಕಿವಿ ಚುಚ್ಚೂ ಮುಂದ ತೊಡಿ ಮ್ಯಾಲ ಹಿಡ್ಕೊಂಡ ಕುಂತಾಕಿ ನಾನ. ಈಗ ನಾನ ಮುಟ್ಟಬಾರದನ?"

"ಆವಾಗ ನಿನ್ನ ಕೈ ಕಚ್ಚಿದ್ನಲ್ಲಾ? ಈಗೂ ಕಚ್ಚಲೇನ?"

ಅಕ್ಕ ಎದ್ದು ಚಪ್ಪಲಿ ಮೆಟ್ಟಿಕೊಂಡಳು. ತಂದಿದ್ದ ಬಿಸ್ಕೀಟಿನ ಪುಡಿಕೆಯನ್ನೂ ವಾಪಸು ಚೀಲಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದಳು. ಅದು ನನಗೆ ಇಷ್ಟವಾದ ಬಿಸ್ಕೀಟು, ಅವಳಿಗೆ ಗೊತ್ತು.

ಮತ್ತೆರಡು ಸಲ ಸೂಜಿ ಚುಚ್ಚಿಸಿಕೊಂಡ ಮೇಲೆ ಡಾಕ್ಟರು ಹಾಲೆಯನ್ನು ಮುಟ್ಟಿ, ಗಂಟು ಕುಗ್ಗಿ ಮೆತ್ತಗಾಗಿದೆ ಎಂದಳು. ಕ್ಲಿಪ್ಪು ಬಿಡುವಂತಿಲ್ಲ, ಆಸ್ಪತ್ರೆಗೆ ಬಂದು ತೋರಿಸುವುದನ್ನೂ ತಪ್ಪಿಸುವಂತಿಲ್ಲ, ಈ ಚರ್ಮ ನಂಬುವಂಥದಲ್ಲ ಎಂದೂ ಹೇಳಿದಳು. ಅಕ್ಕನಿಗೆ ಫೋನು ಮಾಡಿ ತಿಳಿಸಿದೆ. "ಆತು ಬಿಡು," ಎಂದು ಫೋನು ಇಟ್ಟಳು. ಸಿಟ್ಟು ಅರ್ಧ ಇಳಿದಿದೆ. ಫೋನಿನಲ್ಲಿ ಬೆರಳು ಬರುವುದಿಲ್ಲ, ಅದೊಂದು ಅನುಕೂಲ. ಆ ದಿನವೆಲ್ಲ ನಾನು ಕಟ್ಟೆಯ ಮೇಲೆ ಕೂತು ಓಣಿಯ ಹೆಂಗಸರಿಗೆ ಬುದ್ಧಿ ಹೇಳಿದೆ. ಕೊಯ್ದ ಜಾಗ ಮುಟ್ಟುವುದು ಎಂಥ ಹೇಸಿ ಚಟ, ತಿಳಿಗೇಡಿಗಳು ಮಾಡುವ ಕೆಲಸ ಎಂದು ಪದ್ಮಾವತಿಗೆ ಕೇಳಿಸುವಂತೆಯೇ ಹೇಳಿದೆ. ಸಂಜೆ ಮೂಡಲಗಿಗೆ ಕೊಟ್ಟ ನನ್ನ ಮಗಳ ಫೋನು ಬಂತು. ಅವಳ ಅತ್ತೆ, ಎಂದರೆ ನಮ್ಮ ಬೀಗಿತಿ, ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದಿದ್ದರು.

"ದೂರ ಕುಂತ ಮಾತಾಡ್ಸಿ ಬರ್ರಿ, ಅತ್ತೀ," ಎಂದಳು ಸಾವಿತ್ರಿ.

"ನನಗ ಹೇಳಾಕ ಬಂದಿಯೇನ?" ಎಂದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಮೂಡಲಗಿಗೆ ಹೋದೆ. ಬೀಗಿತಿ ಮಂಚದ ಮೇಲೆ ಕಾಲು ಚಾಚಿ ಮಲಗಿದ್ದರು. ದೂರವೇ ಕುರ್ಚಿ ಹಾಕಿಸಿಕೊಂಡು ಕೂತೆ. ಮಳೆ ಬೆಳೆ ಕೇಳಿದೆ, ಮೊಮ್ಮಕ್ಕಳ ಸಾಲೆ ಕೇಳಿದೆ. ಮಗಳು ಚಹಾ ತರಲು ಒಳಗೆ ಹೋದಳು. ನಾನು ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡು, ಮೊಣಕಾಲಿನ ಪಟ್ಟಿಯ ಅಂಚನ್ನು ಸ್ವಲ್ಪವೇ ಎತ್ತಿ, ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿದೆ.