ಬಿಸಿಲು ಹಿಡಿಯುವ ಹುಡುಗಿಯರು

ಬಿಸಿಲನ್ನು ನಂಬಿ ಹೊಟ್ಟೆ ಹೊರೆಯಲು ಹೊರಟವರ ಮನೆಗೆ ಫಜೀತಿ ಕರೆಯದೆಯೇ ಬರುತ್ತದೆ, ಬಂದದ್ದು ಬೇಗ ಹೋಗುವುದೂ ಇಲ್ಲ.

ಎಂಬತ್ತರ ದಶಕದ ಮಾತು. ಬಲ್ಮಠದ ಒಂದು ಹಂಚಿನ ಶೆಡ್ಡಿನಲ್ಲಿ ನಾನು ಟೀಚರ್. ಸೋಲಾರ್ ಒಲೆ, ಬಿಸಿನೀರಿನ ಸೋಲಾರ್ ಪೆಟ್ಟಿಗೆ ಇವನ್ನೆಲ್ಲ ಮಾಡಲು, ಜೋಡಿಸಲು ಹುಡುಗಿಯರಿಗೆ ಕಲಿಸುವುದು ನನ್ನ ಕೆಲಸ. ಶೆಡ್ ಕೊಟ್ಟ ಸಮಿತಿಯವರು ಮೊದಲೇ ಹೇಳಿದ್ದರು: "ಮಳೆಗಾಲ ಶುರುವಾಗುವುದರೊಳಗೆ ಒಬ್ಬಳಿಗಾದರೂ ಕೆಲಸ ಸಿಗದಿದ್ದರೆ ಬೀಗ ಹಾಕ್ತೇವೆ." ಅಂದಿನಿಂದ ನನಗೆ ಕುಳಿತಲ್ಲಿ ಕೂರಲು ಆಗುತ್ತಿರಲಿಲ್ಲ. ಒಂದು ತುಂಡು ಮೋಡ ಕಂಡರೂ ಅಂಗಳಕ್ಕೆ ಓಡುತ್ತಿದ್ದೆ, ನಾನು ಗದರಿಸಿದರೆ ಅದು ಹೋಗುತ್ತದೆಯೋ ಎಂಬ ಹಾಗೆ.

ಕತ್ತರಿ

ಮೊದಲ ದಿನ ವಾಮಂಜೂರಿನಿಂದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. ಗದ್ದೆ ಬೇಸಾಯದ ಮನೆಯವರು. ತಾಯಿಯ ಕೈಯಲ್ಲಿ ಹೊಸ ಕತ್ತರಿ, ಕಂಕುಳಲ್ಲಿ ಎರಡು ತುಂಡು ಬಟ್ಟೆ.

"ಟೀಚರ್, ಮೊದಲು ಎಂತ ಕಲಿಸ್ತೀರಿ? ರವಿಕೆಯಾ, ಲಂಗವಾ?"

"ಅಮ್ಮ, ಇದು ಸೋಲಾರ್ ಕ್ಲಾಸು."

"ಹೌದಲ್ಲ, ಟೈಲರ್ ಕ್ಲಾಸು!"

ಅಲ್ಲ, ಇಲ್ಲಿ ಬಟ್ಟೆಯಿಲ್ಲ, ತಗಡು ಕತ್ತರಿಸಿ ಕಪ್ಪು ಬಣ್ಣ ಬಳಿದು ಬಿಸಿಲು ಹಿಡಿಯುವುದು ಎಂದು ವಿವರಿಸುವಷ್ಟರಲ್ಲಿ ನನ್ನ ಬೆವರು ಇಳಿದಿತ್ತು. ಇದ್ದದ್ದೇ ನಾಲ್ಕಾರು ಹುಡುಗಿಯರು, ಇವಳೂ ಹೋದರೆ? ತಾಯಿ ತಿರುಗಿ ಹೊರಟೇಬಿಟ್ಟರು. ಮಗಳು ಮಾತ್ರ ಅಷ್ಟರಲ್ಲಿ ಮೂಲೆಯ ತಗಡು ಎತ್ತಿಕೊಂಡು ದೊಡ್ಡ ಕತ್ತರಿಯಿಂದ ಚರಚರ ಕತ್ತರಿಸುತ್ತಿದ್ದಳು.

ತಾಯಿ ಅವಳನ್ನೇ ನೋಡಿ ನಿಟ್ಟುಸಿರು ಬಿಟ್ಟರು. "ಆಯ್ತು ಟೀಚರ್, ತಗಡಿನದ್ದೇ ಕಲಿಯಲಿ. ಬಟ್ಟೆಯದ್ದು ಎಷ್ಟು ಹೊಲಿಸಿ ಕೊಟ್ಟರೂ ಹರಿದುಕೊಂಡು ಬರ್ತಾಳೆ."

ಕಾವು

ಹೆಸರು ಮಾಡಬೇಕೆಂದು ನಮ್ಮ ಅಂಗಳದಲ್ಲಿ ಸೋಲಾರ್ ಒಲೆಯ ಪ್ರದರ್ಶನ ಇಟ್ಟೆವು. ಮಹಿಳಾ ಮಂಡಳಿಯ ಅಧ್ಯಕ್ಷೆಯೇ ಮುಖ್ಯ ಅತಿಥಿ. ಪೆಟ್ಟಿಗೆಯೊಳಗೆ ಪಾತ್ರೆ, ಪಾತ್ರೆಯೊಳಗೆ ಅಕ್ಕಿ, ಮೇಲೆ ಗಾಜಿನ ಮುಚ್ಚಳ. ಮುಚ್ಚಳ ತೆಗೆಯಬಾರದು, ಒಳಗಿನ ಬಿಸಿ ಹೊರಗೆ ಹೋಗುತ್ತದೆ. ಅದನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದೆ.

ಅಧ್ಯಕ್ಷೆ ಐದು ನಿಮಿಷ ಕಾದರು. ಆಮೇಲೆ ಮುಚ್ಚಳ ತೆಗೆದು, "ಎಂತದೂ ಆಗ್ಲಿಲ್ಲ ಮಾರಾಯ್ತಿ" ಎಂದರು. ಮುಚ್ಚಿದೆವು. ನಾನು ಆಕಾಶ ನೋಡುವಾಗ ಮತ್ತೆ ತೆಗೆದರು. ನಾನು ಒಲೆಯ ಸುತ್ತ ಕಾವಲುಗಾರನಂತೆ ತಿರುಗತೊಡಗಿದೆ, ಅವರೂ ನನ್ನ ಹಿಂದೆಯೇ ತಿರುಗತೊಡಗಿದರು. ದೇವಸ್ಥಾನಕ್ಕೂ ಅಷ್ಟು ಪ್ರದಕ್ಷಿಣೆ ಹಾಕಿದವಳಲ್ಲ ನಾನು.

ಕೊನೆಗೆ ವಾಮಂಜೂರಿನ ಹುಡುಗಿ ಮೆಲ್ಲನೆ ಹೇಳಿದಳು: "ಅಮ್ಮ, ಕಾವಿಗೆ ಕೂತ ಕೋಳಿಯನ್ನು ಗಳಿಗೆಗೊಮ್ಮೆ ಎಬ್ಬಿಸಿದರೆ ಮೊಟ್ಟೆ ಒಡೆದು ಮರಿ ಬರ್ತದಾ? ಇದೂ ಹಾಗೆಯೇ."

ಅಧ್ಯಕ್ಷೆ ಗಾಬರಿಯಿಂದ ಕುರ್ಚಿಗೆ ಒರಗಿದರು. "ಅಯ್ಯೋ! ಹಾಗಾದರೆ ಊಟಕ್ಕೆ ಇನ್ನು ಮೂರು ವಾರ ಉಂಟಾ?"

ಬಣ್ಣ

ಅದೇ ಹುಡುಗಿಯನ್ನು ನೋಡಲು ಗಲ್ಫಿನಿಂದ ರಜೆಗೆ ಬಂದಿದ್ದ ವರ, ಅವನ ಕಡೆಯವರು ಮನೆಗೆ ಬಂದರು. ಮದುವೆಯಾದರೆ ಅವಳು ಕ್ಲಾಸು ಬಿಡುತ್ತಾಳೆ, ಕೆಲಸ ಕಲಿತು ನನ್ನ ಕೈಗೆ ಬಂದವಳು ಅವಳೊಬ್ಬಳೇ. "ನೀವೂ ಬನ್ನಿ ಟೀಚರ್" ಎಂದು ತಾಯಿ ಕರೆದಿದ್ದರಿಂದ ಹೋದೆ. ಕೊಟ್ಟ ಚಹಾ ತಣಿದರೂ ಕುಡಿಯಲು ಆಗಲಿಲ್ಲ.

ವರ ಬೆಳ್ಳಗಿದ್ದ, ಅಂಗಿ ಇನ್ನೂ ಬೆಳ್ಳಗಿತ್ತು. ಅವನ ಸೋದರತ್ತೆ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: "ದಿನವಿಡೀ ಬಿಸಿಲಿನಲ್ಲಿ ಕೆಲಸವಂತೆ. ಹೀಗೆ ಕಪ್ಪಾದರೆ ಹೇಗೆ?"

ತಾಯಿ ತಲೆ ತಗ್ಗಿಸಿದರು. ಹುಡುಗಿ ತಗ್ಗಿಸಲಿಲ್ಲ. ಪಾಠ ಒಪ್ಪಿಸುವ ಧ್ವನಿಯಲ್ಲೇ ಹೇಳಿದಳು:

"ಕಪ್ಪೇ ಒಳ್ಳೆಯದು. ಕಪ್ಪು ಬಿಸಿಲನ್ನು ಹಿಡಿದು ಇಟ್ಟುಕೊಳ್ತದೆ. ಬಿಳಿಯದ್ದು ಬಂದ ದಾರಿಯಲ್ಲೇ ವಾಪಸು ಕಳಿಸ್ತದೆ."

ಬಿಳಿ ಅಂಗಿಯ ವರ ಬಂದ ದಾರಿಯಲ್ಲೇ ವಾಪಸು ಹೋದ. ತಾಯಿ ನನ್ನ ಕಡೆ ತಿರುಗಿ, "ಇದನ್ನೆಲ್ಲ ಕಲಿಸಿದ್ದು ನೀವೇ ಅಲ್ವಾ?" ಎಂದರು. ಆಗ ಚಹಾ ಕುಡಿದೆ. ಚೆನ್ನಾಗಿತ್ತು.

ಬಿಸಿನೀರು

ಮೇ ತಿಂಗಳು ಮುಗಿಯುತ್ತಾ ಬಂದಿತ್ತು. ಫಳ್ನೀರಿನ ಒಂದು ನರ್ಸಿಂಗ್ ಹೋಮಿನ ಡಾಕ್ಟರು ಅಂತೂ ಒಪ್ಪಿದರು. "ತಾರಸಿಯ ಮೇಲೆ ಒಂದು ಬಿಸಿನೀರಿನ ಪೆಟ್ಟಿಗೆ ಕೂರಿಸಿ. ನಾಳೆ ಹನ್ನೊಂದಕ್ಕೆ ನಳ್ಳಿ ತಿರುಗಿಸಿ ನೋಡ್ತೇನೆ. ಹುಡುಗಿಯರು ಮಾಡಿದ್ದು, ಆಗ್ತದೋ ಇಲ್ಲವೋ!"

ನನ್ನ ಹುಡುಗಿಯರು ಪೈಪು ಹೊತ್ತು ಮೇಲೆ ಹತ್ತಿ, ಕೂರಿಸಿ, ನೀರು ತುಂಬಿಸಿ ಬಂದರು. ಮರುದಿನ ಸುಡುಬಿಸಿಲು. ನಾನು ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದೆ. ಒಬ್ಬ ನರ್ಸು ನನ್ನ ಬೆನ್ನು ತಟ್ಟಿ, "ಹೆದರಬೇಡಿ, ಮೊದಲ ಹೆರಿಗೆಯಾ? ಮಗಳದ್ದಾ?" ಎಂದಳು.

ಡಾಕ್ಟರು ಬಂದು ನಳ್ಳಿ ತಿರುಗಿಸಿ ಕೈಯೊಡ್ಡಿದರು. ತಣ್ಣೀರು. "ನಾನು ಹೇಳಲಿಲ್ಲವಾ?" ಎಂದರು.

ವಾಮಂಜೂರಿನ ಹುಡುಗಿ ಮೆಟ್ಟಿಲು ಹಾರುತ್ತಾ ಮೇಲೆ ಓಡಿದಳು, ನಾವೆಲ್ಲ ಹಿಂದೆ. ನೋಡಿದರೆ, ನಮ್ಮ ಪೆಟ್ಟಿಗೆಯ ಗಾಜು ಕಾಣುವುದೇ ಇಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ಹೆಂಗಸು ಅದರ ಮೇಲೆ ಹಾಸಿಗೆಯ ಬಟ್ಟೆಗಳನ್ನು ಸಾಲಾಗಿ ಹರಡಿದ್ದಾಳೆ!

"ಎಂತ ಒಳ್ಳೆಯ ಸಾಮಾನು ಡಾಕ್ಟ್ರೇ!" ಎಂದಳು ಆಕೆ. "ಹಾಕಿದ ಕೂಡಲೇ ಒಣಗ್ತದೆ."

ಬಟ್ಟೆ ತೆಗೆದೆವು. ಕಾದೆವು. ಸಂಜೆ ಡಾಕ್ಟರು ಮತ್ತೆ ಕೈಯೊಡ್ಡಿ, "ಅಬ್ಬಾ!" ಎಂದು ಕಿರುಚಿ ಹಿಂದಕ್ಕೆ ಹಾರಿದರು. ಇನ್ನೊಬ್ಬರ ಕೈ ಸುಟ್ಟದ್ದಕ್ಕೆ ಅಷ್ಟು ಸಂತೋಷಪಟ್ಟದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.

ಅಲ್ಲೇ ತೀರ್ಮಾನವಾಯಿತು. ಆಸ್ಪತ್ರೆಯ ಹಿಂಬದಿಯ ಕಟ್ಟಡಕ್ಕೂ ಪೆಟ್ಟಿಗೆ ನಮ್ಮದೇ, ಎಲ್ಲವನ್ನೂ ನೋಡಿಕೊಳ್ಳಲು ವಾಮಂಜೂರಿನ ಹುಡುಗಿಗೆ ಕಾಯಂ ಕೆಲಸ. ಶೆಡ್ಡು ಉಳಿಯಿತು. ನಾನು ಕಣ್ಣೊರೆಸಿಕೊಳ್ಳುತ್ತಿರುವಾಗ ಆ ಹೆಂಗಸು ಅಡ್ಡ ಬಂದಳು. "ನನ್ನ ಬಟ್ಟೆಯದ್ದು ಎಂತ? ನನಗೂ ಒಂದು ಯಂತ್ರ ಬೇಕು."

ಡಾಕ್ಟರು ಹುಡುಗಿಯನ್ನು ಕೇಳಿದರು: "ಬಟ್ಟೆ ಒಣಗಿಸುವ ಸೋಲಾರ್ ಉಂಟಾ ನಿಮ್ಮಲ್ಲಿ?"

"ಉಂಟು ಡಾಕ್ಟ್ರೇ. ನಾಳೆಯೇ ಹಾಕಿ ಕೊಡ್ತೇನೆ."

ಅವಳನ್ನು ಮೆಟ್ಟಿಲ ಬಳಿ ಎಳೆದುಕೊಂಡು ಹೋಗಿ ಕೇಳಿದೆ: "ಎಂತ ಮಾರಾಯ್ತಿ, ಅಂಥದ್ದು ನನಗೇ ಗೊತ್ತಿಲ್ಲ. ಮಾಡುವುದು ಹೇಗೆ?"

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ಎರಡು ಕಂಬ, ಒಂದು ಹಗ್ಗ, ಟೀಚರ್."